ಮೊದಲ ಹನಿ ನನ್ನ ಮುಂಗೈಗೆ

ನನ್ನ ನಾದಿನಿ ಗಿರಿಜಾ ಕಲ್ಯಾಣದುರ್ಗದಿಂದ ಫೋನ್ ಮಾಡಿ, "ಅತ್ತಿಗೇ, ಎಣ್ಣೆಯಮ್ಮ ಹೋಗ್ಬುಟ್ರು" ಎಂದಾಗ ನಾನು ಮೊದಲು ಕೇಳಿದ ಮಾತು, "ನೀನೇ ನೋಡ್ದಾ, ಇಲ್ಲ ಯಾರಾದ್ರೂ ಹೇಳಿದ್ರಾ?" ಎಂದು.

"ನೋಡ್ಕೊಂಡೇ ಬಂದಿದೀನಿ. ಸಾವಿನ ವಿಷ್ಯಕ್ಕೂ ಅನುಮಾನ ಪಡ್ಬೇಡ ತಾಯಿ," ಎಂದು ಗಿರಿಜಾ ಫೋನ್ ಇಟ್ಟಳು.

ಏನು ಮಾಡಲಿ, ನನ್ನ ಜಾಯಮಾನವೇ ಅದು. ಹಾಲನ್ನು ಮೂಸಿ ನೋಡದೆ ಒಲೆಗೆ ಇಡುವುದಿಲ್ಲ. ಗ್ಯಾಸ್ ಸಿಲಿಂಡರಿನ ಸೀಲು ನೋಡದೆ ತಂದವನನ್ನು ಗೇಟು ದಾಟಲು ಬಿಡುವುದಿಲ್ಲ. ನಮ್ಮ ಯಜಮಾನರು ಹೇಳುವ ಪ್ರಕಾರ ನಾನು ದೇವರ ತೀರ್ಥವನ್ನೂ ಬೆಳಕಿಗೆ ಹಿಡಿದು ನೋಡಿ ಕುಡಿಯುತ್ತೇನಂತೆ. ಹಿಂದೂಪುರದಲ್ಲಿ ಮಗ್ಗದ ಮನೆಗೆ ಸೊಸೆಯಾಗಿ ಬಂದವಳು ನಾನು. ರೇಷ್ಮೆ ಎಂದು ಕೊಟ್ಟಿದ್ದರಲ್ಲಿ ಬೇರೇನು ಬೆರೆಸಿದ್ದಾರೆ ಎಂದು ಎಳೆ ಎಳೆಯಾಗಿ ನೋಡುವ ಕೆಲಸವೇ ಮೂವತ್ತು ವರ್ಷ ನನ್ನದಾಗಿತ್ತು. ಅನುಮಾನ ನಮ್ಮ ಮನೆಯ ಅನ್ನ. ಅದನ್ನು ಬಿಡು ಎಂದರೆ ಹೇಗೆ ಬಿಡಲಿ?

ಆ ಎಣ್ಣೆಯಮ್ಮ ನಮ್ಮ ಮನೆಗೆ ಬಂದದ್ದು ನನ್ನ ಮಗಳು ಶ್ವೇತಾಳ ಬಾಣಂತನಕ್ಕೆ. ಕಲ್ಯಾಣದುರ್ಗ, ಬೆಳುಗುಪ್ಪದ ಕಡೆ ಬಾಣಂತಿಗೂ ಮಗುವಿಗೂ ಎಣ್ಣೆ ತಿಕ್ಕಿ ನೀರು ಹಾಕುವುದರಲ್ಲಿ ಆಕೆಯನ್ನು ಬಿಟ್ಟರಿಲ್ಲ ಎಂದು ಗಿರಿಜಾ ಹೇಳಿದ್ದಳು. ಆದರೆ ಆಕೆ ಈಗ ಯಾರು ಕರೆದರೂ ಬರುವುದಿಲ್ಲವಂತೆ, ನಮ್ಮ ಮನೆಗೆ ಮಾತ್ರ ಕೇಳಿದ ತಕ್ಷಣ ಒಪ್ಪಿಕೊಂಡಳಂತೆ. ನನಗೆ ಅಲ್ಲಿಂದಲೇ ಅನುಮಾನ ಶುರು. ಊರಿನವರಿಗೆಲ್ಲ ಇಲ್ಲ ಎಂದವಳು ಅಷ್ಟು ದೂರ ಬಸ್ಸು ಹತ್ತಿ ನಮ್ಮ ಮನೆಗೆ ಯಾಕೆ ಬರಬೇಕು?

ಬಂದಳು. ಎತ್ತರದ ಹೆಂಗಸು, ಅರವತ್ತು ದಾಟಿದ ವಯಸ್ಸು, ಮೈಯಲ್ಲಿ ಮಾಂಸವೇ ಇಲ್ಲ, ಆದರೆ ಅಂಗೈಗಳು ಮಾತ್ರ ಗಂಡಸಿನವುಗಳಷ್ಟು ಅಗಲ. ಕೈಚೀಲದಲ್ಲಿ ಎರಡು ಸೀರೆ, ಒಂದು ಬಾಟಲಿ. ಬಾಟಲಿಯಲ್ಲಿ ಏನು ಎಂದು ಕೇಳಿದೆ. "ಏನೂ ಇಲ್ಲ ಕಣಮ್ಮ, ಖಾಲಿ. ಹೋಗುವಾಗ ನೀನೇ ತುಂಬಿಸ್ಕೊಡ್ತೀಯ," ಎಂದಳು. ಖಾಲಿ ಬಾಟಲಿ ತರುವವರನ್ನು ನಾನು ಇನ್ನೂ ಹೆಚ್ಚು ಗಮನಿಸುತ್ತೇನೆ.

ಎಣ್ಣೆಯ ವಿಷಯದಲ್ಲಿ ಮಾತ್ರ ನಮ್ಮಿಬ್ಬರ ಜಾತಕ ಕೂಡಿತು. ಶ್ವೇತಾ ಆನ್‌ಲೈನಿನಲ್ಲಿ ತರಿಸಿಟ್ಟಿದ್ದ ಮಗುವಿನ ಎಣ್ಣೆಯ ಸೀಸೆಯನ್ನು ಆಕೆ ಮೂಸಿ, ಮುಚ್ಚಳ ಹಾಕಿ, "ವಾಸ್ನೆ ಚೆನ್ನಾಗೈತೆ. ಎಣ್ಣೆ ಎಲ್ಲೈತೆ?" ಎಂದು ಪಕ್ಕಕ್ಕಿಟ್ಟಳು. ನಾನು ಪರಿಗಿ ರಸ್ತೆಯ ಗಾಣದಲ್ಲಿ ಎದುರಿಗೇ ನಿಂತು ಆಡಿಸಿಕೊಂಡು ಬಂದಿದ್ದ ಎಳ್ಳೆಣ್ಣೆಯನ್ನು ಅಂಗೈಗೆ ಹಾಕಿಕೊಂಡು, ಎರಡೂ ಕೈ ಉಜ್ಜಿ, ಮುಖದ ಹತ್ತಿರ ಹಿಡಿದು ಮತ್ತೆ ಮತ್ತೆ ಮೂಸಿದಳು. ಆಮೇಲೆ "ಇದು ಆಯ್ತದೆ," ಎಂದಳು. ಆ ಎಣ್ಣೆಗೆ ಬೆಳ್ಳುಳ್ಳಿ, ಓಮ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿ ಸೋಸಿದರೆ ಬಾಣಂತಿಯ ಸೊಂಟಕ್ಕೆ. ಏನೂ ಹಾಕದ ಬರಿಯ ಎಣ್ಣೆ ಮಗುವಿಗೆ. ನೆತ್ತಿಗೆ ಹರಳೆಣ್ಣೆ. ನೀರಿಗೆ ಲಕ್ಕಿ ಸೊಪ್ಪು. ಅದನ್ನು ಆಕೆ ತೆಲುಗಿನಲ್ಲಿ ವಾವಿಲಾಕು ಎನ್ನುತ್ತಿದ್ದಳು. ನನ್ನ ಜೊತೆ ಕನ್ನಡ, ನಮ್ಮ ಯಜಮಾನರ ಜೊತೆ ಅರ್ಧ ಅರ್ಧ, ಮಗುವಿನ ಜೊತೆ ಮಾತ್ರ ಬರಿಯ ತೆಲುಗು.

"ಯಾಕಕ್ಕಾ, ಮಗೂಗೆ ಕನ್ನಡ ಬೇಡ್ವಾ?" ಎಂದು ಒಮ್ಮೆ ಕೇಳಿದೆ.

"ನಮ್ಮವ್ವ ನಂಗೆ ಎಣ್ಣೆ ಹಚ್ಚುವಾಗ ತೆಲುಗಲ್ಲೇ ಬೈತಿದ್ಲು. ಕೈಗೆ ಅದೇ ರೂಢಿ," ಎಂದಳು.

ಆಕೆಯ ಕೆಲಸ ನೋಡುವಂತಿತ್ತು, ಅದನ್ನು ಇಲ್ಲ ಎನ್ನಲಾರೆ. ಬಚ್ಚಲಲ್ಲಿ ಮಣೆ ಹಾಕಿಕೊಂಡು, ಬಳೆ ತೆಗೆದು ಸೆರಗಿನ ತುದಿಗೆ ಗಂಟು ಕಟ್ಟಿ, ಕಾಲು ನೀಡಿ ಕೂತು, ಮೊಣಕಾಲಿಂದ ಕೆಳಗೆ ಕಾಲ ಮೇಲೆ ಮಗುವನ್ನು ಮಲಗಿಸಿಕೊಳ್ಳುತ್ತಿದ್ದಳು. ಎದೆಯಿಂದ ಭುಜಕ್ಕೆ, ಭುಜದಿಂದ ಬೆರಳಿನ ತುದಿಗೆ, ಹೊಟ್ಟೆಯ ಸುತ್ತ ಹಗುರವಾಗಿ. ಎದ್ದ ಮೇಲೆ ಹಠ ಹಿಡಿದು ಅಳುತ್ತಿದ್ದ ಮಗು ಆಕೆಯ ಕಾಲ ಮೇಲೆ ಬಿದ್ದ ಕೂಡಲೇ ಬಾಯಿ ಮುಚ್ಚಿ ಆಕೆಯ ಮುಖವನ್ನೇ ನೋಡುತ್ತಿತ್ತು. ಸ್ನಾನ ಮುಗಿಸಿ ಸಾಂಬ್ರಾಣಿ ಹೊಗೆ ತೋರಿಸಿ ಮಲಗಿಸಿದರೆ ಮಧ್ಯಾಹ್ನದವರೆಗೆ ಮಗು ಇದೆಯೋ ಇಲ್ಲವೋ ಎನ್ನುವಷ್ಟು ಮನೆ ನಿಶ್ಶಬ್ದ. ಮೂಗಿಗೆ, ಕಿವಿಗೆ ಎಣ್ಣೆ ಬಿಡಬಾರದು ಎಂದು ಡಾಕ್ಟರಮ್ಮ ಹೇಳಿದ್ದಾರೆ ಎಂದೆ. ವಾದಕ್ಕೆ ಬರುತ್ತಾಳೆ ಎಂದುಕೊಂಡಿದ್ದೆ. "ಬ್ಯಾಡ ಅಂದ್ರೆ ಬ್ಯಾಡ. ಓದಿರೋರು ಸುಮ್ನೆ ಹೇಳ್ತಾರಾ?" ಎಂದು ಬಿಟ್ಟುಬಿಟ್ಟಳು. ಅಷ್ಟು ಸುಲಭವಾಗಿ ಒಪ್ಪಿದ್ದೂ ನನಗೆ ಸರಿಬರಲಿಲ್ಲ.

ಶ್ವೇತಾಳ ಸೊಂಟ ನೋವು ವಾರದಲ್ಲಿ ಇಳಿಯಿತು. ನಮ್ಮ ಯಜಮಾನರು ಬೆನ್ನು ನೋವು ಎಂದು ಚಿಲಮತ್ತೂರಿನ ಹತ್ತಿರ ಹೈವೇ ಪಕ್ಕದ ಮಸಾಜ್ ಬೋರ್ಡು ನೋಡಿಕೊಂಡು ಒಮ್ಮೆ ಒಳಗೆ ಹೋಗಿ, ಅತ್ತರಿನ ವಾಸನೆ ಹೊತ್ತುಕೊಂಡು ಮನೆಗೆ ಬಂದು, ನನ್ನ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಕೊಟ್ಟು ಮತ್ತೆ ಬೆನ್ನು ನೋವು ತಂದುಕೊಂಡವರು. ಅವರೂ ಬಾಗಿಲ ಹೊರಗೆ ನಿಂತು, "ಆಯಮ್ಮ ಹಚ್ಚೋ ಎಣ್ಣೆ ಒಂಚೂರು ಮಿಕ್ಕಿದ್ರೆ ನನ್ಗೂ ಇರ್ಲಿ," ಎಂದು ಕೇಳುವ ಹಾಗಾಯಿತು.

ನನ್ನ ಎಡಭುಜ ಮಗ್ಗದ ಕಾಲದಿಂದಲೂ ಹಿಡಿದುಕೊಂಡಿತ್ತು. ಒಂದು ಮಧ್ಯಾಹ್ನ ಎಣ್ಣೆಯಮ್ಮ ಕೇಳದೆಯೇ ನನ್ನ ಹಿಂದೆ ಬಂದು ಕೂತು ಒತ್ತತೊಡಗಿದಳು. ನಾನು ಮೈ ಬಿಗಿ ಹಿಡಿದೆ.

"ಬುಡಮ್ಮ, ಭುಜಾನ ಕೈಗೆ ಬುಡು. ನೀನು ನಿದ್ದೇಲೂ ಕಾವಲು ಕಾಯ್ತೀಯಲ್ಲ, ಅದೇ ನಿನ್ ನೋವು," ಎಂದಳು.

ನನಗೆ ಸಿಟ್ಟು ಬಂತು. ಆದರೆ ಆ ಸಂಜೆ ಕೈ ಎತ್ತಿ ಅಟ್ಟದ ಮೇಲಿನ ಡಬ್ಬಿ ಇಳಿಸಿದೆ. ಇಳಿಸಿದ ಮೇಲೆ ನೋವಾಗಲಿಲ್ಲ ಎಂಬುದು ನೆನಪಿಗೆ ಬಂತು.

ಇಷ್ಟೆಲ್ಲ ಇದ್ದೂ ಆಕೆಯ ಒಂದು ಪದ್ಧತಿ ನನ್ನ ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಎಣ್ಣೆ ಬೆಚ್ಚಗೆ ಮಾಡುವ ಕೆಲಸ ಆಕೆ ಮಾಡುತ್ತಿರಲಿಲ್ಲ, ನಾನೇ ಮಾಡಬೇಕು. ತಂದು ಕೊಟ್ಟ ಮೇಲೆ, ಮಗುವನ್ನು ಮುಟ್ಟುವ ಮುಂಚೆ, "ಕೈ ತಾ," ಎಂದು ನನ್ನ ಮುಂಗೈ ಹಿಡಿದುಕೊಂಡು ಅದರ ಮೇಲೆ ನಾಲ್ಕು ಹನಿ ಬಿಡುತ್ತಿದ್ದಳು. ಬಿಟ್ಟು ಎಣ್ಣೆಯನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ಒಂದು ದಿನವೂ ತಪ್ಪಿಸಲಿಲ್ಲ. ಸ್ನಾನದ ನೀರಿಗೂ ಅದೇ. ನೀರನ್ನು ನಾನೇ ಬೆರೆಸಬೇಕು, ಮೊದಲ ಚೊಂಬು ನನ್ನ ಮುಂಗೈಗೆ.

ನಾನು ತಂದ ಎಣ್ಣೆ, ನಾನು ಆಡಿಸಿದ ಎಣ್ಣೆ, ನನ್ನ ಸ್ವಂತ ಮೊಮ್ಮಗಳಿಗೆ. ಅದನ್ನು ನನ್ನ ಮೇಲೆ ಹಾಕಿ ನನ್ನ ಮುಖ ಓದುತ್ತಾಳಲ್ಲ, ಅದರಲ್ಲಿ ನಾನು ಏನಾದರೂ ಬೆರೆಸಿದ್ದೇನೆ ಎಂದುಕೊಂಡಿದ್ದಾಳಾ? ಅನುಮಾನ ಪಡುವುದು ನನ್ನ ಹಕ್ಕು ಎಂದುಕೊಂಡಿದ್ದವಳು ನಾನು. ಬೇರೆಯವರು ನನ್ನ ಮೇಲೆ ಪಟ್ಟರೆ ಹೇಗಿರುತ್ತದೆ ಎಂದು ಆಗ ಗೊತ್ತಾಯಿತು, ಚೆನ್ನಾಗಿರಲಿಲ್ಲ.

ಅದರ ಮೇಲೆ ಎಣ್ಣೆ ಬೇಗ ಬೇಗ ಇಳಿಯತೊಡಗಿತು. ಕ್ಯಾನಿನ ಮೇಲೆ ಕುಂಕುಮದ ಬೊಟ್ಟಿಟ್ಟು ಗುರುತು ಮಾಡಿದೆ. ಮಾರನೆಯ ದಿನ ನೋಡಿದರೆ ಎಣ್ಣೆ ಬೊಟ್ಟಿಗಿಂತ ಸಾಕಷ್ಟು ಕೆಳಗಿತ್ತು. ಖಾಲಿ ಬಾಟಲಿ ನೆನಪಾಗಿ ಆಕೆಯ ಚೀಲ ತೆಗೆದು ನೋಡಿದೆ. ಬಾಟಲಿ ಖಾಲಿಯೇ ಇತ್ತು. ಹಾಗಾದರೆ ಹೋಗುತ್ತಿರುವುದೆಲ್ಲಿ? ಮಧ್ಯಾಹ್ನ ಎಲ್ಲರೂ ಮಲಗಿದ ಹೊತ್ತಿನಲ್ಲಿ ಹಿತ್ತಲ ಬಾಗಿಲ ಸಂದಿಯಿಂದ ನೋಡಿದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಲೋಟದಲ್ಲಿ ನಮ್ಮ ಎಣ್ಣೆ ಇಟ್ಟುಕೊಂಡು, ಆಕೆ ತನ್ನ ಬೆರಳುಗಳನ್ನು ತಾನೇ ತಿಕ್ಕಿಕೊಳ್ಳುತ್ತಿದ್ದಳು. ಒಂದೊಂದೇ ಬೆರಳು, ಬುಡದಿಂದ ಉಗುರಿನವರೆಗೆ. ಮಗುವಿಗೆ ತಿಕ್ಕುವಾಗ ಇರುತ್ತಿದ್ದ ಹಗುರ ಅಲ್ಲಿರಲಿಲ್ಲ. ಹಲ್ಲು ಕಚ್ಚಿ ತಿಕ್ಕುತ್ತಿದ್ದಳು.

ಕೈ ನೋವಿರಬೇಕು ಎಂದುಕೊಂಡೆ. ಆದರೆ ಆ ಸಂಜೆಯೇ ಇನ್ನೊಂದು ನೋಡಿದೆ. ಒಲೆಯ ಮೇಲಿಂದ ಆಗಷ್ಟೇ ಇಳಿಸಿದ್ದ ಹಾಲಿನ ಪಾತ್ರೆಯನ್ನು ಆಕೆ ಬಟ್ಟೆ ಇಲ್ಲದೆ ಎರಡೂ ಕೈಯಲ್ಲಿ ಹಿಡಿದು ಪಕ್ಕಕ್ಕಿಟ್ಟಳು, ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ಮಾರನೆಯ ಬೆಳಿಗ್ಗೆ ಅಂಗೈಗೆ ಅರಿಸಿನ ಮೆತ್ತಿಕೊಂಡಿದ್ದಳು. ಏನಾಯ್ತಕ್ಕಾ ಎಂದರೆ, "ಏನೋ ತರಚ್ಕಂಡೈತೆ," ಎಂದಳು.

ನಮ್ಮ ಮನೆಯಲ್ಲಿ ಬೆರಳು ಸತ್ತವರನ್ನು ನಾನು ನೋಡಿದ್ದೇನೆ. ನಮ್ಮತ್ತೆಗೆ ಸಕ್ಕರೆ ಕಾಯಿಲೆ ಹೆಚ್ಚಾದ ಮೇಲೆ ನೂಲಿನ ಗಂಟು ಬೆರಳಿಗೆ ಸಿಗುತ್ತಿರಲಿಲ್ಲ. ಕಣ್ಣಿನಿಂದ ಹುಡುಕುತ್ತಾ, ಬೆರಳಿಗೆ ಸಿಕ್ಕ ಹಾಗೆ ನಟಿಸುತ್ತಿದ್ದರು. ಇಷ್ಟು ದಿನ ನನ್ನ ಮೊಮ್ಮಗಳನ್ನು ಯಾವ ಕೈಗೆ ಕೊಟ್ಟಿದ್ದೇನೆ?

ಕೇಳಿದರೆ ನಿಜ ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು, ಯಾಕೆಂದರೆ ನಾನಾಗಿದ್ದರೂ ಹೇಳುತ್ತಿರಲಿಲ್ಲ. ಆದ್ದರಿಂದ ಆ ದಿನ ಮಗುವನ್ನು ಶ್ವೇತಾಳ ಪಕ್ಕದಲ್ಲೇ ಒಳಗೆ ಇರಿಸಿ, "ಕರೆಯೋವರೆಗೂ ತರಬೇಡ," ಎಂದು ಹೇಳಿದೆ. ಎಣ್ಣೆಯನ್ನು ದಿನಕ್ಕಿಂತ ಹೆಚ್ಚು ಕಾಯಿಸಿದೆ. ತಂದು ಆಕೆಯ ಮುಂದೆ ಇಟ್ಟೆ.

"ಕೈ ತಾ," ಎಂದಳು.

ಕೊಟ್ಟೆ. ನಾಲ್ಕು ಹನಿ ಬಿದ್ದವು. ಜೀವ ಹೋದ ಹಾಗಾಯಿತು, ಆದರೆ ನಾನು ಮುಖವನ್ನು ಗೋಡೆ ಮಾಡಿಕೊಂಡೆ. ರೆಪ್ಪೆ ಕೂಡ ಅಲುಗಿಸಲಿಲ್ಲ. ಆಕೆ ಎಂದಿನಂತೆ ನನ್ನ ಮುಖ ನೋಡಿದಳು. ನೋಡಿ, ತನ್ನ ಬೆರಳುಗಳನ್ನು ಬಟ್ಟಲಿಗೆ ಅದ್ದಿ, ಅಂಗೈಗೆ ಸವರಿಕೊಂಡು, "ಸರಿಯಾಗೈತೆ. ಬಂಗಾರೀನ ತಗಂಬಾ," ಎಂದಳು.

ನಾನು ಏಳಲಿಲ್ಲ.

ಒಳಗಿನಿಂದ ಶ್ವೇತಾ, "ಅಮ್ಮಾ, ಮಗೂನ ತರ್ಲಾ?" ಎಂದಳು.

"ಬೇಡ. ಅಲ್ಲೇ ಇರು," ಎಂದೆ.

ಆಗ ಆಕೆಯ ಕಣ್ಣು ನನ್ನ ಮುಂಗೈ ಮೇಲೆ ಬಿತ್ತು. ಹನಿ ಬಿದ್ದ ಜಾಗ ಕೆಂಪಾಗಿ ಉಬ್ಬುತ್ತಿತ್ತು. ಆಕೆ ಅದನ್ನು ನೋಡಿದಳು, ಬಟ್ಟಲನ್ನು ನೋಡಿದಳು, ಎಣ್ಣೆ ಹತ್ತಿದ ತನ್ನ ಬೆರಳುಗಳನ್ನು ನೋಡಿದಳು. ನಾನು ಗೆದ್ದಿದ್ದೆ. ಸಿಕ್ಕಿಬಿದ್ದೆ ಎಂದು ಅಳುತ್ತಾಳೆ, ಇಲ್ಲ ಜಗಳಕ್ಕೆ ಬರುತ್ತಾಳೆ ಎಂದು ಎರಡಕ್ಕೂ ಮಾತು ಸಿದ್ಧ ಮಾಡಿಕೊಂಡಿದ್ದೆ. ಆಕೆ ಎರಡನ್ನೂ ಮಾಡಲಿಲ್ಲ. ಬಟ್ಟಲನ್ನು ಕಾಲಿನಿಂದ ದೂರ ತಳ್ಳಿ, ತಣ್ಣೀರು ತಂದು ನನ್ನ ಕೈ ಮೇಲೆ ಹುಯ್ಯುತ್ತಾ ಕೂತಳು.

"ಯಾಕಮ್ಮಾ ಸುಮ್ಕಿದ್ದೆ?" ಎಂದಳು. "ನಿನ್ ಮೊಕ ನಂಬ್ಕಂಡೇ ಅಲ್ವಾ ನಾನು ಮಗೀನ ಮುಟ್ತಿದ್ದಿದ್ದು."

ಆಕೆಯೇ ಹೇಳಿದಳು. ಷುಗರ್ ಬಂದು ಬೆರಳು ಸತ್ತಿವೆ. ಒತ್ತಿದ್ದು ಗೊತ್ತಾಗುತ್ತದೆ, ಬಿಸಿ ಗೊತ್ತಾಗುವುದಿಲ್ಲ. ಬೆಳುಗುಪ್ಪದ ಒಂದು ಮನೆಯಲ್ಲಿ ಬಾಣಂತಿಯ ಬೆನ್ನಿಗೆ ಸುಡುವ ನೀರು ಹಾಕಿಬಿಟ್ಟಳು, ಆ ಹುಡುಗಿ ಕಿರುಚಿಕೊಂಡಳು. ಅವತ್ತೇ ಕೆಲಸ ಬಿಟ್ಟಳು. ಯಾರಿಗೂ ಯಾಕೆಂದು ಹೇಳಲಿಲ್ಲ. ಎಷ್ಟು ಎಣ್ಣೆ ತಿಕ್ಕಿದರೂ ಬೆರಳಿಗೆ ಜೀವ ಬರಲಿಲ್ಲ.

"ಮತ್ತೆ ನಮ್ಮನೆಗೆ ಯಾಕ್ ಬಂದೆ?" ಎಂದೆ. ನನ್ನ ದನಿ ನಾನಂದುಕೊಂಡದ್ದಕ್ಕಿಂತ ಗಟ್ಟಿಯಾಗಿತ್ತು.

"ಇನ್ನೊಂದೇ ಒಂದು ಮಗೀನ ಕಾಲ್ಮ್ಯಾಲೆ ಹಾಕ್ಕಬೇಕು ಅಂತ ಆಸೆ ಆಯ್ತು ಕಣಮ್ಮ. ನಿನ್ ನಾದಿನಿ ಬಂದು, ನಮ್ಮತ್ತಿಗೆ ಬೋ ಅನುಮಾನದೋಳು, ಹಾಲೂ ಮೂಸ್ತಾಳೆ, ನೀರೂ ಮೂಸ್ತಾಳೆ, ನಿಮ್ಗೆ ಕಷ್ಟ ಆಯ್ತದೆ, ಅಂದ್ಲು. ನಾನು ಅಂಗಾದ್ರೆ ಬತ್ತೀನಿ ಅಂದೆ. ಅಂಥಾ ಕಣ್ಣು ಮನೇಲಿದ್ರೆ ನನ್ ಕೈಯಿಂದ ತಪ್ಪಾಗಕಿಲ್ಲ ಅಂತ."

ನಾನು ಎದ್ದು ಒಳಗೆ ಹೋಗಿ ಗಿರಿಜಾಗೆ ಫೋನ್ ಮಾಡಿದೆ. ಬೆಳುಗುಪ್ಪದ ಮಾತು ನಿಜವೇ, ನನ್ನ ಬಗ್ಗೆ ಹಾಗೆ ಹೇಳಿದ್ದು ನಿಜವೇ ಎಂದು ಕೇಳಿದೆ. ಎರಡೂ ನಿಜ, ಬೆರಳು ಸತ್ತದ್ದು ಮಾತ್ರ ಅವಳಿಗೂ ಗೊತ್ತಿರಲಿಲ್ಲ. ಎರಡನೆಯದಕ್ಕೆ ಗಿರಿಜಾ ಕ್ಷಮಿಸು ಎಂದಳು. ಈ ಜನ್ಮದಲ್ಲಿ ನನ್ನ ಅನುಮಾನವನ್ನು ಒಬ್ಬರು ನಂಬಿಕೊಂಡು ಬಂದಿದ್ದರು, ಅವರನ್ನೇ ನಾನು ಬಲೆ ಹಾಕಿ ಹಿಡಿದಿದ್ದೆ. ಹಾಗೆಂದು ನನ್ನ ತಪ್ಪು ಎನ್ನುವುದಿಲ್ಲ. ಮಗು ನಮ್ಮದು, ಹಿಡಿಯಲೇಬೇಕಿತ್ತು. ಆದರೂ ಆ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಶ್ವೇತಾಗೆ ಎಲ್ಲ ಹೇಳಿದೆ. ಅವಳು ಕೆಂಡವಾದಳು. "ಇವತ್ತೇ ಬಸ್ ಹತ್ಸು. ನನ್ ಮಗಳಿಗೆ ಏನಾದ್ರೂ ಆಗಿದ್ರೆ?"

"ಆಗಿಲ್ಲ. ನಾನಿದ್ದೆ. ಇನ್ನು ಮುಂದೇನೂ ಇರ್ತೀನಿ."

"ಯಾರನ್ನೂ ನಂಬದೋಳು ನೀನು. ಈಯಮ್ಮನ್ನ ನಂಬ್ತೀಯಾ?"

"ಆಯಮ್ಮನ್ನಲ್ಲ. ನನ್ ಕೈ ನಂಬ್ತೀನಿ," ಎಂದೆ. ಅವಳು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಮಗು ಮಲಗದೆ ಮನೆಯನ್ನೆಲ್ಲ ಎಬ್ಬಿಸಿದಾಗ ತಾನೇ ಎತ್ತಿಕೊಂಡು ಬಂದು ಆಕೆಯ ಕಾಲ ಮೇಲೆ ಮಲಗಿಸಿ, ಪಕ್ಕದಲ್ಲೇ ಕಣ್ಣು ಕೀಳದೆ ಕೂತಳು. ನನ್ನ ಮಗಳೇ ಅಲ್ಲವೇ.

ಅಲ್ಲಿಂದ ಬಾಣಂತನ ಮುಗಿಯುವವರೆಗೆ ಎಣ್ಣೆಯನ್ನೂ ನೀರನ್ನೂ ಮೊದಲು ನಾನು ಮುಟ್ಟಿದೆ. "ಕೈ ತಾ," ಎನ್ನುವ ಮೊದಲೇ ಮುಂಗೈ ಚಾಚುತ್ತಿದ್ದೆ. ಬಿಸಿ ಹೆಚ್ಚಿದರೆ ಮುಖ ಹಿಂಡುತ್ತಿದ್ದೆ. ಸಾಲದಿದ್ದರೆ ತುಟಿ ಉಬ್ಬಿಸುತ್ತಿದ್ದೆ. ನಮ್ಮ ಯಜಮಾನರು ಅದನ್ನು ನೋಡಿ, ಮೂವತ್ತು ವರ್ಷದಲ್ಲಿ ಇವಳ ಮುಖದಲ್ಲಿ ಇಷ್ಟು ಬಣ್ಣ ನಾನು ಕಂಡಿರಲಿಲ್ಲ ಎಂದು ನಕ್ಕರು. ಹಿತ್ತಲ ಕಲ್ಲಿನ ಮೇಲೆ ಆಕೆ ಬೆರಳು ತಿಕ್ಕಿಕೊಳ್ಳಲು ಕೂತಾಗ ಒಂದೊಂದು ದಿನ ನಾನೇ ಹೋಗಿ ಆ ಕೈ ಹಿಡಿದು ತಿಕ್ಕುತ್ತಿದ್ದೆ. ನನಗೆ ತಿಕ್ಕಲು ಬರುವುದಿಲ್ಲ. "ನೂಲು ಸುತ್ತಿದಂಗೆ ಸುತ್ತಬ್ಯಾಡ ಕಣಮ್ಮ, ಒತ್ತು," ಎನ್ನುತ್ತಿದ್ದಳು. ಒತ್ತುತ್ತಿದ್ದೆ. "ಗೊತ್ತಾಯ್ತಾ?" ಎಂದು ಕೇಳಿದರೆ, "ಊಂ, ಆಯ್ತು," ಎನ್ನುತ್ತಿದ್ದಳು. ಅದು ನಿಜವೋ ನನ್ನ ಸಮಾಧಾನಕ್ಕೋ ಎಂದು ಈಗಲೂ ನನಗೆ ಅನುಮಾನವಿದೆ.

ಹೋಗುವ ದಿನ ಬಾಟಲಿ ತುಂಬಿಸಿ ಕೊಟ್ಟೆ. ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತುವ ಮೊದಲು ನನ್ನ ಕೈ ಎಳೆದುಕೊಂಡು, ಮುಂಗೈ ಮೇಲಿನ ಕಲೆಯನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿದಳು. "ಹೋಯ್ತೀನಿ ಕಣಮ್ಮ. ಇನ್ ಯಾರ ಮಗೀನೂ ಮುಟ್ಟಕಿಲ್ಲ," ಎಂದಳು. ನಾನು ನಂಬಲಿಲ್ಲ. ಗಿರಿಜಾಗೆ ಹೇಳಿ ಆಗಾಗ ವಿಚಾರಿಸುತ್ತಲೇ ಇದ್ದೆ. ಆಕೆ ಮಾತು ತಪ್ಪಿರಲಿಲ್ಲ.

ಸುದ್ದಿ ಬಂದ ದಿನ ಬೆಳಿಗ್ಗೆಯ ಬಸ್ಸಿಗೆ ಕಲ್ಯಾಣದುರ್ಗಕ್ಕೆ ಹೋದೆ. ಚೀಲದಲ್ಲಿ ಪರಿಗಿ ರಸ್ತೆಯ ಗಾಣದ ಎಣ್ಣೆ ಒಂದು ಬಾಟಲಿ ಇಟ್ಟುಕೊಂಡಿದ್ದೆ. ಅಲ್ಲಿ ಯಾವ ಎಣ್ಣೆ ತಂದಿರುತ್ತಾರೋ ಯಾರಿಗೆ ಗೊತ್ತು. ಮನೆ ಮುಂದೆ ಜನ ಕೂತಿದ್ದರು. ಹಿತ್ತಲಲ್ಲಿ ಸೀರೆಗಳನ್ನು ಅಡ್ಡ ಕಟ್ಟಿ, ಹಲಗೆಯ ಮೇಲೆ ಆಕೆಯನ್ನು ಮಲಗಿಸಿ, ಹೆಂಗಸರು ಕೊನೆಯ ಸ್ನಾನಕ್ಕೆ ಅಣಿ ಮಾಡುತ್ತಿದ್ದರು. ಆಕೆಯ ಸೊಸೆ ಅಂಗಡಿ ಪ್ಯಾಕೆಟ್ಟಿನ ಎಣ್ಣೆ ಬಟ್ಟಲಿಗೆ ಬಗ್ಗಿಸಿ ಇಟ್ಟಿದ್ದಳು. ಮೂಸಿದೆ. ಅದನ್ನು ಸರಿಸಿ ನನ್ನ ಬಾಟಲಿ ತೆಗೆದುಕೊಟ್ಟೆ.

ನೆತ್ತಿಗೆ ನಾನೇ ಎಣ್ಣೆ ಇಟ್ಟೆ. ಆಮೇಲೆ ಆ ಅಗಲದ ಕೈಗಳಿಗೆ, ಬುಡದಿಂದ ಉಗುರಿನವರೆಗೆ, ಒಂದೊಂದೇ ಬೆರಳಿಗೆ. ಒತ್ತಿ ತಿಕ್ಕಿದೆ, ಸುತ್ತಲಿಲ್ಲ. ಅಷ್ಟರಲ್ಲಿ ಸೊಸೆ ಹಂಡೆಯಿಂದ ನೀರು ತೋಡಿ ಆಕೆಯ ಮೈಮೇಲೆ ಹುಯ್ಯಲು ಚೊಂಬು ಎತ್ತಿದಳು. ಹಬೆ ಏಳುತ್ತಿತ್ತು.

"ತಾಳು," ಎಂದು ನನ್ನ ಮುಂಗೈ ಚಾಚಿದೆ.

ಅವಳಿಗೆ ಅರ್ಥವಾಗಲಿಲ್ಲ. ಆದರೂ ನಾಲ್ಕು ಹನಿ ಬಿಟ್ಟಳು. ಸುಟ್ಟಿತು. ನನ್ನ ಮುಖ ತಾನಾಗಿಯೇ ಹಿಂಡಿಕೊಂಡಿತು.

"ಬಿಸಿ ಜಾಸ್ತಿ ಐತೆ. ತಣ್ಣೀರು ಬೆರ್ಸು," ಎಂದೆ.

"ಇನ್ನೇನು ಗೊತ್ತಾಯ್ತದಮ್ಮ ನಮ್ಮತ್ತೆಗೆ," ಎಂದು ಆ ಹುಡುಗಿ ಅಳುತ್ತಲೇ ಹೇಳಿದಳು.

"ಗೊತ್ತಾಗಕಿಲ್ಲ ಅಂತಲೇ ನಾನು ನೋಡ್ತಿರೋದು ಕಣಮ್ಮ," ಎಂದೆ. "ಬೆರ್ಸು."

ಅವಳು ಬೆರೆಸಿದಳು. ನಾನು ಮತ್ತೊಮ್ಮೆ ಕೈ ಚಾಚಿದೆ.